ಅಚ್ಚಿಗೆ ಒಗ್ಗದ ಮಡಿಕೆ

ಕಿಟಕಿಯ ಹಲಗೆಯ ಮೇಲೆ ಹನ್ನೊಂದು ಕಿವಿಗಳು ಒಣಗುತ್ತಿದ್ದವು. ಹನ್ನೆರಡನೆಯದನ್ನು ಕಿವಿಯಮ್ಮ ಪ್ಲಾಸ್ಟರಿನ ಅಚ್ಚಿನಿಂದ ಬಿಡಿಸುತ್ತಿದ್ದಾಗ ಅವಳ ತಂಗಿಯ ಮಗಳು ಬಂದಳು. ನರ್ಸ್‌ಗಳ ತರಬೇತಿ ಶಾಲೆಗಳಿಗೆ ಮಣ್ಣಿನಲ್ಲಿ ಕಿವಿ, ಹೃದಯ, ಮೂತ್ರಪಿಂಡ ಮಾಡಿಕೊಡುವುದು ಕಿವಿಯಮ್ಮನ ಕಸುಬು. ಗೋಡೆಗೆ ಕಿವಿ ಇರುತ್ತದೆ ಅನ್ನುತ್ತಾರೆ, ಇವಳ ಮನೆಯಲ್ಲಿ ಕಿಟಕಿಗೂ ಇವೆ ಎಂದು ಬೀದಿಯವರು ನಗುತ್ತಿದ್ದರು. ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟು ಕಿವಿಗಳ ನಡುವೆ ಕೂತರೂ ಅವಳು ಯಾರ ಹತ್ತಿರವೂ ಏನನ್ನೂ ಹೇಳಿಕೊಂಡವಳಲ್ಲ.

ತಂಗಿಯೂ ತೀರಿಹೋಗಿದ್ದಳು. ಮಗಳಿಗೆ ಮೂವತ್ತು ದಾಟಿತ್ತು, ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಬಂದವಳು ನೀರು ಕುಡಿದಳು, ಆಮೇಲೆ ವಿಷಯ ತೆಗೆದಳು. ಸೋಮವಾರ ಒಂದು ಸಣ್ಣ ಆಪರೇಷನ್ ಇದೆ, ಮನೆಯವರೊಬ್ಬರು ಜೊತೆಗಿರಬೇಕಂತೆ, ದೊಡ್ಡಮ್ಮ ಬರಬೇಕು. ಯಾತರದ ಆಪರೇಷನ್ ಎಂದು ಕಿವಿಯಮ್ಮ ಕೇಳಿದಳು. ಮತ್ತೆ ಮತ್ತೆ ಕೇಳಿದ ಮೇಲೆ ಮಗಳು ಬಾಯಿಬಿಟ್ಟಳು. ಯೋನಿಯ ಒಳತುಟಿಗಳು ಹೊರಗೆ ಕಾಣುವಷ್ಟು ಉದ್ದವಿವೆ, ಒಂದಕ್ಕಿಂತ ಒಂದು ದೊಡ್ಡದು, ಕತ್ತರಿಸಿ ಸರಿಮಾಡಿಸಬೇಕು. ಇದೇ ಅಳುಕಿನಲ್ಲಿ ಎರಡು ಸಂಬಂಧಗಳನ್ನು ಬೇಡವೆಂದಿದ್ದಳು. ನೋವಿದೆಯೇ ಎಂದರೆ ಇಲ್ಲ. ಬೇರೆ ತೊಂದರೆಯೂ ಇಲ್ಲ.

“ಮತ್ಯಾಕೆ ಮಗಳೇ?”

“ಇರಬೇಕಾದ ಹಾಗಿಲ್ಲ ದೊಡ್ಡಮ್ಮ. ನಮ್ಮ ಟ್ರೇನಿಂಗ್ ಶಾಲೇಲಿ ಮಣ್ಣಿನ ಮಾದರಿ ಇತ್ತು. ಮೂರು ವರ್ಷ ಅದರ ಧೂಳು ಒರೆಸಿದೀನಿ, ಹೇಗಿರಬೇಕು ಅಂತ ನನಗೆ ಗೊತ್ತು. ನನ್ನ ಮೈ, ನನ್ನಿಷ್ಟ. ಬರ್ತೀರೋ ಇಲ್ವೋ, ಅಷ್ಟು ಹೇಳಿ.”

ಮೈ ನಿನ್ನದೇ, ಬಾ ಅಂದರೆ ಬರುತ್ತೇನೆ ಎಂದಳು ಕಿವಿಯಮ್ಮ. ಆಮೇಲೆ ಬೆರಳಿಗಂಟಿದ ಮಣ್ಣನ್ನು ತಿಕ್ಕಿದಳು.

“ಆ ಮಾದರಿ ಮಾಡಿಕೊಟ್ಟೋಳು ನಾನು,” ಎಂದಳು. “ಸುಳ್ಳು ಮಾಡಿಕೊಟ್ಟೆ.”

ಆಗ ನೋಡಿ ಮಾಡಲು ಯಾರೂ ಸಿಗಲಿಲ್ಲವಂತೆ. ಬಾಗಿಲು ಹಾಕಿಕೊಂಡು, ಕೈಗನ್ನಡಿ ಹಿಡಿದು, ತನ್ನದನ್ನೇ ನೋಡಿ ಮಾಡಿದ್ದಳು. ಹುಟ್ಟಿದ ಮೇಲೆ ನೋಡಿಕೊಂಡದ್ದು ಅದೇ ಮೊದಲು. ಆದರೆ ಅದರ ಮೇಲೆ ತೆಗೆದ ಅಚ್ಚಿನಿಂದ ಮಣ್ಣನ್ನು ಎಳೆಯುವಾಗ ಒಳತುಟಿಯ ಮಡಿಕೆಗಳು ಹರಿದು ಒಳಗೇ ಉಳಿದುಬಿಟ್ಟವು. ಮೂರು ಸಲ ಹೀಗೇ ಆಯಿತು. ಶಾಲೆಯವರು ಅವಸರಪಡಿಸುತ್ತಿದ್ದರು. ಕೊನೆಗೆ ಒದ್ದೆ ಬಟ್ಟೆಯಿಂದ ಮೊದಲ ಮಾದರಿಯ ಮಡಿಕೆಗಳನ್ನೆಲ್ಲ ಒರೆಸಿ, ನುಣುಪು ಮಾಡಿ, ಬೇರೆ ಅಚ್ಚು ತೆಗೆದಳು. ಅದು ಸಲೀಸಾಗಿ ಬಿಟ್ಟುಕೊಂಡಿತು. ಅದೇ ಅಚ್ಚಿನ ಮಾದರಿ ಎಷ್ಟೋ ಶಾಲೆಗಳಿಗೆ ಹೋಯಿತು.

“ಒರೆಸೋವಾಗ ಒಂಥರಾ ಸಮಾಧಾನಾನೂ ಆಯ್ತು. ನೋಡೋಕ್ಕೆ ಮೊದಲೇ ನನ್ನದೇ ಸರಿಯಿಲ್ಲ ಅಂದ್ಕೊಂಡಿದ್ದೆ. ನಿಮ್ಮ ದೊಡ್ಡಪ್ಪ ಇರೋವರೆಗೂ ದೀಪ ಆರಿಸದೆ ಹತ್ರ ಬಿಟ್ಕೊಂಡೋಳಲ್ಲ ನಾನು.”

“ನನ್ನ ಸಮಾಧಾನಕ್ಕೆ ಹೇಳ್ತಿದೀರಿ,” ಎಂದಳು ಮಗಳು.

ಕಿವಿಯಮ್ಮ ವಾದಕ್ಕಿಳಿಯಲಿಲ್ಲ. ಅಟ್ಟದಿಂದ ಒಂದು ಗಂಟು ಇಳಿಸಿ ಬಿಚ್ಚಿದಳು. ಅದು ಮೊದಲಿನ ಅಚ್ಚು. ಅದಕ್ಕೆ ಹದವಾದ ಮಣ್ಣೊತ್ತಿ, ಅಚ್ಚು ನೀರು ಹೀರಲು ಬಿಟ್ಟು, ಮೆಲ್ಲಗೆ ಎಳೆದಳು. ಬೋಳು ಮಣ್ಣು ಕೈಗೆ ಬಂತು. ಹರಿದ ಮಡಿಕೆಗಳು ಒಳಗೇ ನಿಂತಿದ್ದವು, ಎಡದ್ದು ಉದ್ದ, ಬಲದ್ದು ಗಿಡ್ಡ. ಮಗಳು ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಸಣ್ಣದಾಯಿತು.

“ನನ್ನದೂ ಹೀಗೇ,” ಎಂದಳು.

ಇಷ್ಟು ವರ್ಷ ಎಷ್ಟೊಂದು ಹೆಂಗಸರ ಹೆರಿಗೆ ನೋಡಿದ್ದೀಯಲ್ಲ, ಎಲ್ಲರದೂ ಒಂದೇ ಥರ ಇತ್ತೇ ಎಂದು ದೊಡ್ಡಮ್ಮ ಕೇಳಿದಳು. ಕೆಲಸ ಮುಗಿಸಿ ಬಟ್ಟೆ ಮುಚ್ಚುತ್ತೇವೆ, ನೋಡುವುದೆಲ್ಲಿ ಎಂದಳು ಮಗಳು. ಆಮೇಲೆ, ಯಾರ ಹೆಸರನ್ನೂ ಎತ್ತದೆ, ನೆನೆಸಿಕೊಳ್ಳತೊಡಗಿದಳು. ಒಬ್ಬಳದು ದಪ್ಪ. ಒಬ್ಬಳದು ಕಂಡೂ ಕಾಣದಂತೆ. ಒಬ್ಬಳದು ಅಂಚು ಕಪ್ಪಾಗಿ ನಿರಿಗೆ ನಿರಿಗೆ. ಒಬ್ಬಳದು ಒಂದೇ ಕಡೆ ಇಳಿದದ್ದು. ಅವಳು ಹೇಳಿದಂತೆಲ್ಲ ಕಿವಿಯಮ್ಮ ಅಚ್ಚಿಲ್ಲದೆ, ಬೆರಳಿನಲ್ಲೇ ಮಾಡುತ್ತ ಹೋದಳು. ಕಿವಿಗಳನ್ನು ಸರಿಸಿ ಹಲಗೆಯ ಮೇಲೆ ಜಾಗ ಮಾಡಬೇಕಾಯಿತು.

“ಇನ್ಮೇಲೆ ನಿಮ್ಮನ್ನ ಏನಂತ ಕರೀತಾರೋ ಬೀದಿಯವರು,” ಎಂದಳು ಮಗಳು. ಇಬ್ಬರಿಗೂ ನಗು ಬಂತು, ಬಂದಷ್ಟೇ ಬೇಗ ನಿಂತಿತು.

ಒಂದು ಉಂಡೆ ಮಣ್ಣು ಉಳಿದಿತ್ತು. ತನ್ನದನ್ನು ಮಾಡಲು ಅದನ್ನು ಮಗಳು ತಾನೇ ತೆಗೆದುಕೊಂಡಳು. ಕಿವಿಯಮ್ಮ ಎದ್ದು ಗೋಡೆಯ ಕಡೆ ಮುಖಮಾಡಿ ನಿಂತಳು. ಎಷ್ಟೋ ಹೊತ್ತಿನ ಮೇಲೆ ಕೈ ತೊಳೆಯುವ ಸದ್ದಾಯಿತು.

“ಸೋಮವಾರ ಡ್ಯೂಟಿಗೇ ಹೋಗ್ತೀನಿ ದೊಡ್ಡಮ್ಮ. ನೀವು ಇವನ್ನ ಶಾಲೆಗೆ ಕೊಡಿ,” ಎಂದು ಹೇಳಿ ಮಗಳು ಹೊರಟಳು.

ಕಿವಿಯಮ್ಮ ತಿರುಗಿ ಹಲಗೆ ನೋಡಿದಳು. ಯಾವುದು ತಾನು ಮಾಡಿದ್ದು, ಯಾವುದು ಮಗಳದು ಎಂದು ಹುಡುಕಿದಳು. ಗೊತ್ತಾಗಲಿಲ್ಲ.