ಬಿಗಿ ಹಿಮ್ಮಡಿಯ ಕಾಲುಚೀಲ

ನರ್ಸಮ್ಮ ತೀರಿಕೊಂಡಿದ್ದರು. ಟೈಲರಮ್ಮ ಅವರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಮಗಳು ಎದುರಿಗೆ ಬಂದಳು.

"ಅಮ್ಮಂಗೆ ನೀವು ಹೇಗೆ ಪರಿಚಯ?"

"ಹೀಗೇ... ಗೊತ್ತಿದ್ರು."

"ಬೆಳಗ್ಗೆಯಿಂದ ಬಂದ ಹೆಂಗಸರೆಲ್ಲ ಇದೇ ಹೇಳ್ತಾರೆ. ನಮ್ಮಮ್ಮ ಎಷ್ಟು ಜನಕ್ಕೆ ಹೀಗೇ ಗೊತ್ತಿದ್ಲೋ!" ಅತ್ತು ಕೆಂಪಾದ ಕಣ್ಣಲ್ಲೂ ಅವಳಿಗೆ ನಗು ಬಂತು.

ಟೈಲರಮ್ಮ ಒಳಗೆ ಇಣುಕಿದಳು. ಅವಳ ಬೀದಿಯ ಇಬ್ಬರು ಹೆಂಗಸರು ಅಲ್ಲೇ ಕೂತಿದ್ದರು. ತನ್ನ ಬಸಿರು ತಾನಾಗಿ ಹೋಯಿತೆಂದು ಆಗ ಬೀದಿಗೆಲ್ಲ ಹೇಳಿದ್ದಾಗಿತ್ತು. ನಿಜ ಹೇಳಿದರೆ ಜನರ ಬಾಯಿಗೆ ಬೀಳಬೇಕು. ಹೇಳದಿದ್ದರೆ ತಾಯಿ ಎಂಥವಳೆಂದು ಮಗಳಿಗೆ ತಿಳಿಯುವುದೇ ಇಲ್ಲ.

*

ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ತಲೆಬುರುಡೆ ಬೆಳೆದಿಲ್ಲವೆಂದು ಗೊತ್ತಾಗಿತ್ತು. ಹುಟ್ಟಿದರೂ ಬದುಕದು, ತೆಗೆಸಬೇಕು ಎಂದಿದ್ದರು ಡಾಕ್ಟರು. ವಾರ್ಡಿನಲ್ಲಿ ಎಲ್ಲರೂ "ಹೆದರಬೇಡಿ" ಎಂದು ಹೇಳಿ ಹೋದರು. ನರ್ಸಮ್ಮ ಒಬ್ಬರೇ ಮಂಚದ ಅಂಚಿಗೆ ಕೂತರು.

"ಇವತ್ತು ಗರ್ಭದ ಬಾಯಿ ಮೆತ್ತಗಾಗೋಕೆ ಔಷಧಿ ಇಡ್ತಾರೆ. ಹೊಟ್ಟೆ ಹಿಂಡುತ್ತೆ. ಕೂಗ್ಬೇಕು ಅನ್ಸಿದ್ರೆ ಕೂಗು, ನನ್ನ ಕಿವಿ ಗಟ್ಟಿ ಇದೆ. ನಾಳೆ ಮಂಪರಿನ ಇಂಜೆಕ್ಷನ್ ಕೊಟ್ಟು ತೆಗೀತಾರೆ. ಆಮೇಲೆ ಸ್ವಲ್ಪ ದಿನ ರಕ್ತ ಹೋಗುತ್ತೆ. ಪ್ಯಾಡ್ ಮೇಲೆ ಪ್ಯಾಡ್ ನೆನೆದ್ರೆ, ಜ್ವರ ಬಂದ್ರೆ, ಓಡಿ ಬಾ. ಎದೇಲಿ ಹಾಲೂ ಬರಬಹುದು ಕಣಮ್ಮ. ಹಿಂಡ್ಬೇಡ, ಬಿಗಿಯಾಗಿ ಒಳಬಟ್ಟೆ ಹಾಕ್ಕೊ, ತಾನಾಗೇ ನಿಲ್ಲುತ್ತೆ. ಅಳು ಬಂದ್ರೂ ಸರಿ, ಬರದಿದ್ರೂ ಸರಿ."

ಆಪರೇಷನ್ ಕೋಣೆಯಲ್ಲಿ ಚಳಿ ಕೊರೆಯುತ್ತದೆಂದು ತಾವೇ ಹೆಣೆದ ಉಣ್ಣೆಯ ಕಾಲುಚೀಲ ತಂದಿದ್ದರು.

"ಹಿಮ್ಮಡಿ ಬಿಗಿ. ಒಳಹೊರಗು ಮಾಡಿ ಏರಿಸ್ಬೇಕು. ನಂಗೆ ಹೆಣಿಗೆ ಬರೋದೇ ಇಷ್ಟು," ಎಂದು ನಕ್ಕರು. "ರಸ್ತೇಲಿ ಸಿಕ್ಕಿದ್ರೆ ನಾನಾಗಿ ಮಾತಾಡ್ಸಲ್ಲ, ಹೇಗೆ ಪರಿಚಯ ಅಂತ ಯಾರಾದ್ರೂ ಕೇಳಿಯಾರು. ಜಂಬ ಅನ್ಕೋಬೇಡ. ನೀನು ಮಾತಾಡ್ಸಿದ್ರೆ ಬಾಯ್ತುಂಬ ಮಾತಾಡ್ತೀನಿ."

ಮರುದಿನ ಮಂಪರು ಹತ್ತುವವರೆಗೂ ಅವರು ಕೈ ಬಿಡಲಿಲ್ಲ. ಆಮೇಲೆ ಮಾರ್ಕೆಟ್ಟಿನಲ್ಲಿ ಎಷ್ಟೋ ಸಲ ಎದುರಾದರು, ಕೊಟ್ಟ ಮಾತಿನಂತೆ ಸುಮ್ಮನೆ ದಾಟಿ ಹೋದರು. ಟೈಲರಮ್ಮನಿಗೆ ಮಾತಾಡಿಸುವ ಧೈರ್ಯ ಬರಲೇ ಇಲ್ಲ.

*

"ಐದು ತಿಂಗಳ ಬಸಿರು ತೆಗೆಸ್ಬೇಕಾಗಿ ಬಂತು," ಎಂದಳು ಟೈಲರಮ್ಮ, ಬೀದಿಯವರಿಗೂ ಕೇಳುವ ಹಾಗೆ. "ಆಗ ನಿಮ್ಮಮ್ಮ ನನ್ನ ಕೈ ಹಿಡ್ಕೊಂಡಿದ್ರು. ಏನೇನಾಗುತ್ತೆ ಅಂತ ಮೊದಲೇ ಹೇಳಿದ್ರು. ಅವರು ಹೇಳಿದ್ದೇ ಆಯ್ತು, ಹೇಳದೆ ಇದ್ದಿದ್ದು ಒಂದೂ ಆಗ್ಲಿಲ್ಲ. ಅದಕ್ಕೇ ನಾನು ತಡ್ಕೊಂಡೆ."

ಮಗಳು ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ನರ್ಸಮ್ಮನ ಪಾದಗಳು ಹೊದಿಕೆಯಿಂದ ಹೊರಗಿದ್ದವು. ಟೈಲರಮ್ಮ ಚೀಲದಿಂದ ಆ ಕಾಲುಚೀಲಗಳನ್ನು ತೆಗೆದು, "ಹಾಕ್ಲಾ?" ಎಂದಳು. ಮಗಳು ತಲೆಯಾಡಿಸಿದಳು. ಒಂದನ್ನು ತೊಡಿಸಿದ್ದಾಯಿತು. ಇನ್ನೊಂದು ಹಿಮ್ಮಡಿಯಲ್ಲಿ ಸಿಕ್ಕಿಕೊಂಡಿತು, ಎಷ್ಟು ಎಳೆದರೂ ಏರಲಿಲ್ಲ.

ಬೀದಿಯವರಲ್ಲಿ ಒಬ್ಬಳು ಎದ್ದು ಬಂದಳು. ಕಾಲುಚೀಲವನ್ನು ಇಸಿದುಕೊಂಡು, ಯಾರೂ ಹೇಳಿಕೊಡದೆಯೇ ಒಳಹೊರಗು ಮಾಡಿ, ಮೆಲ್ಲಗೆ ಏರಿಸಿದಳು.