ಅರ್ಸೆಲ್ಲಿನ ಹಂದಿಗಳೂ ಮೊದಲ ಪೊಲೀಸ್ ಅಧಿಪತಿಯೂ

ಅರ್ಸೆಲ್ ನಗರಕ್ಕೆ ಒಬ್ಬ ಪೊಲೀಸ್ ಅಧಿಪತಿ ಬೇಕು ಎಂದು ಅರ್ಸೆಲ್ಲಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಅರಸರಿಗೆ. ಯುದ್ಧ ಮುಗಿದು ಬೊಕ್ಕಸದಲ್ಲಿ ಇಲಿ ಓಡಾಡುತ್ತಿದ್ದ ಕಾಲ; ಊರಿಗೊಂದು ಹೊಸ ಹುದ್ದೆ ಹುಟ್ಟಿಸಿ ಮಾರಾಟಕ್ಕಿಟ್ಟರು. ಅರ್ಸೆಲ್ಲಿನ ಹುದ್ದೆಯನ್ನು ಕೊಂಡವರು ಯಾಸಿಂತ್ ಬೂರ್ಗೆಲೊ ಎಂಬ ವಕೀಲರು. ಹೆಂಡತಿ ಕ್ಲೊತಿಲ್ದಳಿಗೆ ತವರಿನಿಂದ ಬಂದಿದ್ದ ದ್ರಾಕ್ಷಿ ತೋಟವನ್ನು ಮಾರಿ ಕೊಂಡರು.

ಹಾಗೆಂದು ಬೂರ್ಗೆಲೊ ಕೆಟ್ಟ ಮನುಷ್ಯರಲ್ಲ. ಅವರಿಗೆ ಕೆಸರೆಂದರೆ ನಿಜವಾಗಿಯೂ ಸಂಕಟ. ಮದುವೆಯ ದಿನ ಚರ್ಚಿನ ಬಾಗಿಲಲ್ಲೇ ಕಾಲು ಜಾರಿ ಬಿದ್ದು, ಬಿಳಿ ರೇಷ್ಮೆ ಕಾಲುಚೀಲ ಮೊಣಕಾಲ ತನಕ ಸಗಣಿಯಾದಾಗ ಇಡೀ ಊರು ನಕ್ಕಿತ್ತು, ಮದುವಣಗಿತ್ತಿಯೂ ನಕ್ಕಿದ್ದಳು. ಆಮೇಲೊಮ್ಮೆ ಪ್ಯಾರಿಸ್ಸಿಗೆ ಹೋಗಿ ಹನ್ನೊಂದು ದಿನ ಇದ್ದು, ಅಲ್ಲಿ ಗುಡಿಸಿದ ಬೀದಿಗಳನ್ನೂ ಸಾಲು ದೀಪಗಳನ್ನೂ ಕಂಡು ಬಂದಿದ್ದರು. ಅಂದಿನಿಂದ ಅವರ ಮಾತೆಲ್ಲ "ಪ್ಯಾರಿಸ್ಸಿನಲ್ಲಾದರೆ" ಎಂದೇ ಶುರುವಾಗುತ್ತಿತ್ತು. ಹನ್ನೊಂದು ದಿನದ ಯಾತ್ರೆಯನ್ನು ಅವರು ಹನ್ನೊಂದು ವರ್ಷ ಹೇಳಿದರು.

ಅಧಿಕಾರ ಸಿಕ್ಕ ಮೊದಲ ತಿಂಗಳಲ್ಲೇ ಹತ್ತೊಂಬತ್ತು ಆಜ್ಞೆಗಳು ಹೊರಟವು. ಬೆಳಿಗ್ಗೆ ಏಳಕ್ಕೆ ಅವರವರ ಬಾಗಿಲ ಮುಂದೆ ಅವರವರೇ ಗುಡಿಸಬೇಕು. ಕಲಗಚ್ಚು, ಎಂಜಲು, ಕೊಳಕು ನೀರು ಯಾವುದನ್ನೂ ಬೀದಿಗೆ ಚೆಲ್ಲಕೂಡದು, ನದಿಯಾಚೆಯ ಗುಂಡಿಗೇ ಹೊತ್ತು ಹಾಕಬೇಕು. ಅಂಗಡಿಯ ಹಲಗೆಗಳೆಲ್ಲ ಒಂದೇ ಅಳತೆಯಲ್ಲಿರಬೇಕು. ಡಂಗುರದವನು ಓದಿ ಓದಿ ಗಂಟಲು ಕಟ್ಟಿ, ಹನ್ನೆರಡನೆಯ ಆಜ್ಞೆಯಿಂದಾಚೆಗೆ ಬರೀ ಡೋಲು ಬಾರಿಸಿ ಮುಂದಕ್ಕೆ ಹೋದ. ಅಧಿಪತಿಗಳ ಕೈಕೆಳಗೆ ಆರು ಜನ ಜಮಾದಾರರು. ಅವರಲ್ಲಿ ಇಬ್ಬರಿಗೆ ಮಂಡಿ ನೋವು, ಒಬ್ಬನಿಗೆ ಕಣ್ಣು ಮಂಜು. ಆದರೂ ದಂಡದ ಹೆದರಿಕೆಗೆ ಜನ ಬೈದುಕೊಂಡೇ ಕಲಗಚ್ಚು ಹೊತ್ತರು.

ಇಪ್ಪತ್ತನೆಯ ಆಜ್ಞೆ ಹಂದಿಗಳದು. ಬೀದಿಯಲ್ಲಿ ಬಿಡಾಡಿಯಾಗಿ ಕಂಡ ಹಂದಿಯನ್ನು ಹಿಡಿದು ಕಡಿದು ಬಡವರ ಆಸ್ಪತ್ರೆಗೆ ಕೊಡತಕ್ಕದ್ದು. ಸಂತ ಆಂಟನಿಯ ಮಠದ ಹಂದಿಗಳಿಗೆ ಮಾತ್ರ ಹಿಂದಿನಿಂದಲೂ ಬೀದಿ ಸುತ್ತುವ ಹಕ್ಕಿತ್ತು. ಅವುಗಳ ಕತ್ತಿನಲ್ಲಿ ಗಂಟೆ ಇರುತ್ತಿತ್ತು. ಮಠದವರನ್ನು ಎದುರು ಹಾಕಿಕೊಳ್ಳಲಾರದೆ ಬೂರ್ಗೆಲೊ ಕೊನೆಯಲ್ಲಿ ಒಂದು ಸಾಲು ಸೇರಿಸಿದರು: "ಕೊರಳಲ್ಲಿ ಗಂಟೆಯುಳ್ಳ ಹಂದಿಯು ಸಂತರದೆಂದು ತಿಳಿಯತಕ್ಕದ್ದು." ಮಠಕ್ಕೆ ಇದ್ದದ್ದು ಮೂರೇ ಹಂದಿ.

ಸೇತುವೆಯ ಹತ್ತಿರ ಕರುಳು, ಬೋಟಿ ಬೇಯಿಸಿ ಮಾರುತ್ತಿದ್ದ ಪೆರೀನ್ ಗೊದೆಲೂ ಎಂಬ ವಿಧವೆ ಆ ಸಾಲನ್ನು ಕೇಳಿಸಿಕೊಂಡಳು. ಮಾರನೆಯ ಬೆಳಿಗ್ಗೆ ಅವಳ ಹೆಣ್ಣುಹಂದಿಯ ಕತ್ತಿನಲ್ಲಿ ಗಂಟೆ. ಮೂರನೆಯ ದಿನ ಊರಿನ ಹಂದಿಗಳಿಗೆಲ್ಲ ಗಂಟೆ. ಮೇಕೆಯ ಗಂಟೆ, ಬಾಗಿಲ ಗಂಟೆ, ಒಂದಕ್ಕೆ ಗಂಟೆ ಸಿಗದೆ ಹಿತ್ತಾಳೆ ಲೋಟವನ್ನೇ ಕಟ್ಟಿದ್ದರು.

ಸಂಜೆ ಮಂಡಿ ನೋವಿನ ಜಮಾದಾರ ಗಿಲ್‌ಬೋ ವರದಿ ಒಪ್ಪಿಸಿದ. "ದಣಿ, ಊರೆಲ್ಲಾ ತಿರುಗಿದ್ವಿ. ಒಂದೂ ಕಳ್ಳ ಹಂದಿ ಸಿಗ್ಲಿಲ್ಲ. ಎಲ್ಲಾ ಸಂತರದ್ದೇ."

"ಎಷ್ಟಿವೆ?"

"ನಲ್ವತ್ತಾರು. ಸಂತರು ಈ ವರ್ಷ ಚೆನ್ನಾಗಿ ಸಾಕಿದಾರೆ."

ಬೂರ್ಗೆಲೊ ನೆಟ್ಟಗೆ ಮಠಕ್ಕೆ ಹೋದರು. ಮಠಾಧಿಪತಿ ಫುಲ್‌ಕ್ರಾನ್ ಗುರುಗಳು ಹಸಿರು ಸೇಬಿನ ಸಿಪ್ಪೆ ಕೆತ್ತುತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

"ನಿಮ್ಮ ಮೂರನ್ನ ಗುರುತಿಸಿ ಕೊಟ್ಟರೆ ಸಾಕು, ಉಳಿದದ್ದನ್ನ ನಾನು ನೋಡ್ಕೋತೀನಿ," ಎಂದರು ಬೂರ್ಗೆಲೊ.

"ಮೂರು ಅಂತ ಯಾರು ಹೇಳಿದ್ದು? ಗಂಟೆ ಇದ್ದದ್ದೆಲ್ಲ ಸಂತರದು ಅಂತ ನೀವೇ ಬರೆದು ಸಹಿ ಹಾಕಿದ್ದೀರಲ್ಲ. ಜನ ಭಕ್ತಿಯಿಂದ ಕೊಟ್ಟದ್ದನ್ನ ಬೇಡ ಅನ್ನೋಕೆ ನಾನ್ಯಾರು?"

ಮಾರನೆಯ ಮಧ್ಯಾಹ್ನವೇ ಮಠದ ಆಳುಗಳು ಬಂದು ನಲವತ್ತಾರು ಹಂದಿಗಳನ್ನೂ ಮಠದ ಅಂಗಳಕ್ಕೆ ಹೊಡೆದುಕೊಂಡು ಹೋದರು. ಚಳಿಗಾಲಕ್ಕೆಂದು ಮಾಂಸಕ್ಕೆ ಉಪ್ಪು ಹಾಕಿಡುವ ದಿನಗಳು ಮೂರೇ ವಾರದಾಚೆಗಿದ್ದವು. ಗಂಟೆ ಕಟ್ಟಿ ನಕ್ಕಿದ್ದ ಊರು ನಗು ನಿಲ್ಲಿಸಿತು. ಪೆರೀನ್ ಮುಂದೆ, ಅವಳ ಹಿಂದೆ ಅರ್ಧ ಊರು, ಅಧಿಪತಿಗಳ ಬಾಗಿಲಿಗೆ ಬಂದು ನಿಂತಿತು.

"ಗಂಟೆ ಕಟ್ಟಿದ್ದು ಯಾರು, ನಾನಾ?" ಎಂದರು ಬೂರ್ಗೆಲೊ.

"ಕಟ್ಟಿದ್ದು ನಾವೇ ಸ್ವಾಮಿ. ಆದ್ರೆ ಗಂಟೆಗೆ ಬೆಲೆ ಕಟ್ಟಿದ್ದು ನೀವು," ಎಂದಳು ಪೆರೀನ್. "ನನ್ನ ಹಂದಿ ಹೋದ್ರೆ ಈ ಚಳಿಗಾಲ ನಾನು ನಿಮ್ಮ ಆಜ್ಞೆ ಬೇಯಿಸ್ಕೊಂಡು ತಿನ್ಬೇಕು. ಇಪ್ಪತ್ತಿವೆ, ಸಾಕಾಗ್ಬಹುದು."

ಬೂರ್ಗೆಲೊ ಎರಡು ದಿನ ಕೋಣೆ ಸೇರಿ ಯೋಚಿಸಿದರು. ಹೊರಬಂದಾಗ ಮುಖ ಬೆಳಗುತ್ತಿತ್ತು. ತೀರ್ಪು ಹೀಗಿತ್ತು: ಶನಿವಾರ ಮಧ್ಯಾಹ್ನ ಮಠದ ಬಾಗಿಲು ತೆರೆಯುವುದು. ಹಂದಿ ತನಗೆ ಕೂಳು ಹಾಕಿದ ಮನೆಗೇ ಹೋಗುತ್ತದೆ. ಯಾರ ಮನೆಗೆ ಹೋಯಿತೋ ಅವರದೇ ಹಂದಿ. ಮಠದಲ್ಲೇ ಉಳಿದದ್ದು ಮಠದ್ದು. ಮಠದ ಅಂಗಳದಲ್ಲಿ ಹಂದಿಗಳಿಗೆ ಹೊಟ್ಟೆ ತುಂಬ ಹೂಕೋಸಿನೆಲೆ ಹಾಕಿಸಿದ್ದ ಗುರುಗಳು ನಗುತ್ತಲೇ ಒಪ್ಪಿದರು.

ಶನಿವಾರ ಬಾಗಿಲು ತೆರೆಯಿತು. ಒಂದೂ ಅಂಗಳದಲ್ಲಿ ನಿಲ್ಲಲಿಲ್ಲ. ನಲವತ್ತಾರು ಗಂಟೆಗಳನ್ನೂ ಒಟ್ಟಿಗೆ ಬಾರಿಸುತ್ತ ಹಂದಿಗಳು ಸೇತುವೆ ದಾಟಿದವು. ಹಿಂದೆ ಕಾಗದ, ಲೇಖನಿ ಹಿಡಿದ ಅಧಿಪತಿ; ಅವರ ಹಿಂದೆ ಗುರುಗಳು, ಜಮಾದಾರರು, ಜನ. ಪೆರೀನಳ ಹಂದಿ ಅವಳ ಬಾಗಿಲ ಮುಂದೆಯೇ ಓಡಿತು, ಕತ್ತು ತಿರುಗಿಸಿಯೂ ನೋಡಲಿಲ್ಲ. ಚಮ್ಮಾರರ ಓಣಿ ದಾಟಿ, ಬಾವಿಕಟ್ಟೆ ಬಳಸಿ, ಇಡೀ ಹಿಂಡು ಒಂದೇ ಮನೆಯ ಹಿತ್ತಲ ಬಾಗಿಲಲ್ಲಿ ಹೋಗಿ ನಿಂತು ಕಿರುಚತೊಡಗಿತು. ಬಾಗಿಲು ತೆರೆದು, ಎರಡು ಕೈಯಲ್ಲಿ ಕಲಗಚ್ಚಿನ ತೊಟ್ಟಿ ಹಿಡಿದು, ಅಭ್ಯಾಸಬಲದಿಂದ ಬೀದಿಗೆ ಸುರಿದವಳು ಕ್ಲೊತಿಲ್ದ್ ಬೂರ್ಗೆಲೊ.

ಸುರಿದ ಮೇಲೆ ತಲೆಯೆತ್ತಿ ಜನರನ್ನು ನೋಡಿದಳು.

"ಇದು ಎಷ್ಟು ದಿನದಿಂದ?" ಎಂದರು ಗಂಡ, ದನಿಯಿಲ್ಲದ ದನಿಯಲ್ಲಿ.

"ನಿಮ್ಮ ಎರಡನೇ ಆಜ್ಞೆ ಬಂದಾಗಿನಿಂದ. ನದಿಯಾಚೆ ತನಕ ಹೊತ್ಕೊಂಡು ಹೋಗೋರು ಯಾರು, ನೀವಾ?"

ಊರೆಲ್ಲ ಆಜ್ಞೆ ಪಾಲಿಸಿ ಬೀದಿಗೆ ಒಂದು ಸಿಪ್ಪೆಯನ್ನೂ ಎಸೆಯದಿದ್ದಾಗ, ಹಂದಿಗಳಿಗೆ ಊಟ ಸಿಗುತ್ತಿದ್ದದ್ದು ಆಜ್ಞೆ ಬರೆದವರ ಹಿತ್ತಲಲ್ಲಿ ಮಾತ್ರ. ಬೂರ್ಗೆಲೊಗೆ ಚರ್ಚಿನ ಬಾಗಿಲಲ್ಲಿ ಬಿದ್ದಂತೆಯೇ ಆಯಿತು. ಈ ಸಲ ನಿಂತಲ್ಲೇ ಬಿದ್ದಿದ್ದರು.

"ತೀರ್ಪು ಆಯ್ತಲ್ಲ ಸ್ವಾಮಿ," ಎಂದಳು ಪೆರೀನ್. "ನಲ್ವತ್ತಾರಕ್ಕೂ ನೀವೇ ಯಜಮಾನ್ರು. ಬೀದಿಗೆ ಬಿಟ್ಟಿದ್ದಕ್ಕೆ ನಿಮ್ಮನ್ನ ಹಿಡಿಯೋರು ಯಾರು? ಗಿಲ್‌ಬೋನ ಕರೀಲಾ?"

"ನಂಗೆ ಮಂಡಿ ನೋವು," ಎಂದ ಗಿಲ್‌ಬೋ.

ಗುರುಗಳು ಕೆಮ್ಮಿ, ಪರೀಕ್ಷೆ ಕೆಟ್ಟಿತು, ಹಂದಿಗಳು ಮಠಕ್ಕೇ ಮರಳಬೇಕು ಎಂದರು. ಕ್ಲೊತಿಲ್ದ್ ತೊಟ್ಟಿ ಕೆಳಗಿಟ್ಟು ಕೈ ಒರೆಸಿಕೊಂಡಳು.

"ಕೆಟ್ಟಿದ್ದು ಹೇಗೆ ಗುರುಗಳೇ? ಹಂದಿ ಯಾರ ಮನೆಗೆ ಬಂತೋ ಅವರದು ಅಂತ ನೀವೇ ಒಪ್ಪಿದ್ರಿ. ಇವೆಲ್ಲ ಈಗ ನಮ್ಮವು. ನಮ್ಮದನ್ನ ನಾವು ಯಾರಿಗಾದ್ರೂ ಕೊಡ್ತೀವಿ." ಆಮೇಲೆ ಜನರ ಕಡೆ ತಿರುಗಿ, "ಗಂಟೆ ಬಿಚ್ಚಿ ನಿಮ್ಮ ನಿಮ್ಮದನ್ನ ಹೊಡ್ಕೊಂಡು ಹೋಗಿ. ಮಠದ ಮೂರು ಬಿಟ್ಟು," ಎಂದಳು.

ಕಾಲು ಗಂಟೆಯಲ್ಲಿ ಓಣಿ ಖಾಲಿ. ಉಳಿದದ್ದು ಮೂರು ಬಡಕಲು ಹಂದಿಗಳು. ಗುರುಗಳು ಅವುಗಳ ಹಿಂದೆ ನಡೆದು ಹೋದರು.

ಬೂರ್ಗೆಲೊ ಆ ವಾರವಿಡೀ ಹೆಂಡತಿಯೊಡನೆ ಮಾತಾಡಲಿಲ್ಲ. ಆದರೆ ರಾಜಧಾನಿಗೆ ವರದಿ ಬರೆದರು: ಅರ್ಸೆಲ್ಲಿನಲ್ಲಿ ಗಂಟೆಯುಳ್ಳ ಹಂದಿಗಳು ನಲವತ್ತಾರರಿಂದ ಮೂರಕ್ಕೆ ಇಳಿದಿವೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗಂಟೆಯಿಲ್ಲದವು ಮತ್ತೆ ಬೀದಿ ಸುತ್ತುತ್ತಿದ್ದವು. ಜಮಾದಾರರು ಅವನ್ನು ಕಂಡಾಗ ಬಾವಿಯ ಕಡೆ ನೋಡುತ್ತಿದ್ದರು. ವಸಂತದಲ್ಲಿ ಮಂತ್ರಿಗಳಿಂದ ಹೊಗಳಿಕೆಯ ಪತ್ರ ಬಂತು. ಅರ್ಸೆಲ್ಲಿನಲ್ಲಿ ಹಂದಿಗಳ ವಿಷಯಕ್ಕೆ ಇಷ್ಟು ಮಹತ್ವ ಇರುವುದರಿಂದ, ಹಂದಿಯ ನಾಲಿಗೆ ಪರೀಕ್ಷಿಸಿ ರೋಗ ಹೇಳುವ ಹೊಸದೊಂದು ರಾಜಹುದ್ದೆಯನ್ನು ಅಲ್ಲಿಗೂ ದಯಪಾಲಿಸಲಾಗಿದೆ ಎಂದು ಅದರಲ್ಲಿತ್ತು.

ಬೂರ್ಗೆಲೊ ಪತ್ರ ಓದಿ ಮುಗಿಸುವಷ್ಟರಲ್ಲಿ ಆ ಹುದ್ದೆ ಮಾರಾಟವಾಗಿತ್ತು. ಕೊಂಡವನು ಫುಲ್‌ಕ್ರಾನ್ ಗುರುಗಳ ತಮ್ಮನ ಮಗ. ಮುಂದಿನ ಭಾನುವಾರ ಅವನು ಹೊಸ ಕೋಟು ತೊಟ್ಟು ಚರ್ಚಿಗೆ ಬಂದು, ರಾಜಮುದ್ರೆಯ ಕಾಗದ ತೋರಿಸಿ, ಪೊಲೀಸ್ ಅಧಿಪತಿಗಳಿಗಿಂತ ಒಂದು ಬೆಂಚು ಮುಂದೆ ಕೂತ.