ಕೆಸರಮ್ಮನ ಸೊಳ್ಳೆಗಳು

ಸತ್ತ ಅಕ್ಕನ ಹಣೆಯ ಮೇಲೆ ಕೂತ ಸೊಳ್ಳೆಯನ್ನು ಹೊಡೆಯಲು ತಂಗಿ ಪೇಪರ್ ಸುರುಳಿ ಸುತ್ತಿ ಕೈ ಎತ್ತಿದ್ದಳು. ಬೆಳಗಿನಿಂದ ಹೆಂಡತಿಯ ತಲೆಯ ಬಳಿ ಕೂತಿದ್ದ ಅವಳ ಭಾವ, ದರ್ಜಿ, ದಿಗ್ಗನೆದ್ದು ಆ ಕೈ ಹಿಡಿದುಕೊಂಡ.

“ತಡಿ. ಇದು ಎಲ್ಲಿಂದ ಬಂತು?”

ಹಿತ್ತಿಲ ಬಾಗಿಲು ತೆರೆದಿಟ್ಟರೆ ಸೊಳ್ಳೆ ಬರದೆ ನವಿಲು ಬರುತ್ತದೆಯೇ ಎಂದು ಅವಳು ರೇಗಿದಳು. ಹೆಣ ಒಯ್ಯುವ ಗಾಡಿ ಬರುವ ಹೊತ್ತಾಗಿತ್ತು. ದರ್ಜಿ ಅಡುಗೆಮನೆಗೆ ಓಡಿದ. ಕಿಟಕಿಯಲ್ಲಿದ್ದ ಕೆಸರಿನ ಜಾಡಿಗೆ ಅವನೇ ಹೊಲಿದ ಸೊಳ್ಳೆಪರದೆಯ ಟೋಪಿ ಇರಲಿಲ್ಲ. ನಾದಿನಿ ಅದನ್ನು ಕಿತ್ತು, ತೊಳೆದು, ಹಾಲಿನ ಪಾತ್ರೆಗೆ ಮುಚ್ಚಿದ್ದಳು.

*

ಊರೆಲ್ಲ ದರ್ಜಿಯ ಹೆಂಡತಿಯನ್ನು ಕೆಸರಮ್ಮ ಎನ್ನುತ್ತಿತ್ತು. ದೋಣಿಯಲ್ಲಿ ಹೋಗಿ ನದಿಯ ತಳದ ಕೆಸರು ಎತ್ತುವುದು, ಅದಕ್ಕೆ ಕೆಂಪು ಹುಳು ಬಿಟ್ಟು ಬದುಕುತ್ತವೋ ಸಾಯುತ್ತವೋ ನೋಡುವುದು, ಇದೇ ಅವಳ ನೌಕರಿ. ಬಣ್ಣದ ಕಾರ್ಖಾನೆಯ ಕೆಳಗಿನ ತಿರುವಿನ ಕೆಸರಿನಲ್ಲಿ ಮಾತ್ರ ಒಂದೂ ಬದುಕಿರಲಿಲ್ಲ. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅಷ್ಟೇ. ಹುಳುವೇ ಇಲ್ಲದ ಮೇಲೆ ಮೀನು ಏನು ತಿಂದೀತು? ಆ ತಿರುವಿನ ಆಸೆ ಬಿಡಿ ಎಂದು ಮೇಲಧಿಕಾರಿ ಹೇಳಿಬಿಟ್ಟರು. ಅವಳು ಹಿಡಿದದ್ದು ಬಿಡುವ ಆಸಾಮಿಯೇ ಅಲ್ಲ. ನಿವೃತ್ತಳಾದ ಮೇಲೆ ಆ ತಿರುವಿನ ಕೆಸರು ತರಿಸಿ, ಹುಳು ಬಿಟ್ಟು, ಮನೆಯಲ್ಲೇ ಜಾಡಿ ಇಟ್ಟಳು.

ಆಸ್ಪತ್ರೆಗೆ ಹೊರಟಾಗ ಗಂಡನಿಗೆ ಹೇಳಿದ್ದೂ ಅದನ್ನೇ.

“ನನ್ನ ನೋಡ್ಕೊಳ್ಳೋಕೆ ಡಾಕ್ಟರಿದ್ದಾರೆ. ನೀವು ಜಾಡಿ ನೋಡ್ಕೊಳ್ಳಿ. ಹುಳಕ್ಕೆ ಸೊಳ್ಳೆ ಹಾಗೆ ರೆಕ್ಕೆ ಬಂದು ಹಾರಿದ್ರೆ, ನದಿ ಬದುಕ್ತು ಅಂತ ಲೆಕ್ಕ.”

ಅವನು ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಜಾಡಿ ಮರೆತೇಹೋಯಿತು. ಕೊಟ್ಟ ಮಾತು ತಪ್ಪಿದೆ, ಹುಳುಗಳೂ ಸತ್ತಿರುತ್ತವೆ ಎಂಬ ಕೊರಗಿನಲ್ಲಿ ಬೆಳಗಿನಿಂದ ಅತ್ತ ಕಣ್ಣು ಹಾಯಿಸುವ ಧೈರ್ಯವೂ ಬಂದಿರಲಿಲ್ಲ.

*

ಜಾಡಿಯ ನೀರಿನ ಮೇಲೆ ಹುಳುಗಳು ಕಳಚಿಬಿಟ್ಟ ಪೊರೆಗಳು ತೇಲುತ್ತಿದ್ದವು. ದರ್ಜಿ ಅದನ್ನು ಎದೆಗವಚಿಕೊಂಡು ನಡುಮನೆಗೆ ಬಂದ. ಕೊನೆಯ ದರ್ಶನಕ್ಕೆ ಬಂದಿದ್ದ ಅವಳ ಮೇಲಧಿಕಾರಿ ಕನ್ನಡಕ ಏರಿಸಿ ನೋಡಿದರು, ಮತ್ತೆ ನೋಡಿದರು.

“ಆ ತಿರುವಿನ ಕೆಸರೇನಾ?”

“ಅದೇ ಸಾರ್. ದೋಣಿಯವನನ್ನೇ ಕೇಳಿ.”

ಕೆಸರು ಎತ್ತಿ ತಂದಿದ್ದ ದೋಣಿಯವನು ಬಾಗಿಲಲ್ಲೇ ನಿಂತು ಹೌದೆಂದು ತಲೆಯಾಡಿಸಿದ.

“ಹಾಗಾದ್ರೆ ನಾನು ಸೋತೆ, ಕೆಸರಮ್ಮ” ಎಂದು ಮಲಗಿದ್ದವಳ ಕಡೆ ತಿರುಗಿ ಮೇಲಧಿಕಾರಿ ನಕ್ಕೇಬಿಟ್ಟರು. ದರ್ಜಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು. ಇವು ಕಚ್ಚುವ ಸೊಳ್ಳೆಗಳಲ್ಲ, ದಯವಿಟ್ಟು ಯಾರೂ ಹೊಡೆಯಬೇಡಿ ಎಂದು ಎಲ್ಲರಿಗೂ ಕೈಮುಗಿದ.

ಹೊರಗೆ ಗಾಡಿ ಬಂದು ನಿಂತಿತು. ಯಾರೂ ಏಳಲಿಲ್ಲ. ಒಂದು ಸೊಳ್ಳೆ ತಂಗಿಯ ಮೂಗಿನ ತುದಿಯ ಮೇಲೆ ಬಂದು ಕೂತಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, ಮೆಳ್ಳೆಗಣ್ಣು ಮಾಡಿ ಅದನ್ನೇ ನೋಡುತ್ತ, ಉಸಿರು ಬಿಗಿಹಿಡಿದು ಕೂತಳು.